ತಕಿಟದ ಮೂರನೇ ಅಕ್ಷರ

ಸೋಮೇಶ್ವರದ ಕಡೆಯಿಂದ ಹತ್ತಿದರೆ ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವುಗಳು. ಆ ಭಾನುವಾರ ಆರು ತಿರುವು ಸಲೀಸಾಗಿ ಮುಗಿಸಿ ಏಳನೆಯದಕ್ಕೆ ಸ್ಟೇರಿಂಗ್ ತಿರುಗಿಸುವ ಹೊತ್ತಿಗೆ ನಮ್ಮ ಕಾರು ಎಳೆಯುವುದನ್ನು ಬಿಟ್ಟಿತು. ಪೂರ್ತಿ ನಿಂತಿದ್ದರೆ ಬೇರೆ ಮಾತು. ಅದು ನಿಲ್ಲಲೂ ಇಲ್ಲ, ಹತ್ತಲೂ ಇಲ್ಲ. ಮೈಯೆಲ್ಲ ನಡುಗಿಸಿಕೊಂಡು, ನಡೆಯಲಾರದವರು ಗೋಡೆ ಹಿಡಿದು ಹೆಜ್ಜೆ ಹಾಕುವ ಹಾಗೆ ಮೊದಲನೇ ಗೇರಿನಲ್ಲಿ ತೆವಳಿತು. ಹಿಂದೆ ಬಸ್ಸಿನ ಹಾರನ್ನು, ಮುಂದೆ ಮಂಜು, ಮೇಲೆ ಶ್ರಾವಣದ ಮಳೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ, "ಸ್ವಲ್ಪ ನಿಲ್ಸು ಮಗಾ, ಅದಕ್ಕೂ ಸುಸ್ತಾಗಿದೆ" ಅಂದಳು. ತಿರುವಿನ ಅಗಲ ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಹಬೆ ಇಲ್ಲ, ಎಣ್ಣೆ ಸೋರಿಲ್ಲ, ಟೆಂಪರೇಚರ್ ಮುಳ್ಳು ತನ್ನ ಜಾಗದಲ್ಲೇ ಇದೆ. ಮೂಗಿಗೆ ಮಾತ್ರ ಏನೋ ಸುಟ್ಟ ವಾಸನೆ ಬಡಿಯಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಹೊರಟು, ಉಳಿದ ತಿರುವುಗಳನ್ನು ಹೇಗೋ ದಾಟಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.

ಅದು 1989ರ ಮಾರುತಿ 800. ಅಪ್ಪಯ್ಯ ಹಣ ಕಟ್ಟಿ, ಸರದಿಗೆ ಕಾದು ತಂದ ಗಾಡಿ. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್ 14ರಂದು. ಕೊನೆಯದು ತಯಾರಾದದ್ದು 2014ರ ಜನವರಿಯಲ್ಲಿ. ಈ ಮೂವತ್ತು ವರ್ಷಗಳಲ್ಲಿ ದೇಶದೊಳಗೇ 25 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಹಾಗಾಗಿ ನಮ್ಮ ಊರಿನಲ್ಲಿ ಇದರ ಪಾರ್ಟು ಸಿಗುವುದು ಈಗಲೂ ಕಷ್ಟವಲ್ಲ. ಕಷ್ಟವಿರುವುದು ಯಾವ ಪಾರ್ಟು ಬೇಕು ಎಂದು ತಿಳಿಯುವುದರಲ್ಲಿ. ಅಪ್ಪಯ್ಯ ಹೋಗಿ ಒಂಬತ್ತು ವರ್ಷವಾಯಿತು. ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅವರು ಬರೆದಿಟ್ಟ ಕಾರಿನ ಲೆಕ್ಕ ಇನ್ನೂ ನನ್ನ ಹತ್ತಿರ ಇದೆ. ಯಾವ ದಿನ ಆಯಿಲ್ ಬದಲಿಸಿದ್ದು, ಯಾವ ಕಿಲೋಮೀಟರಿಗೆ ಪ್ಲಗ್ಗು, ಯಾವ ಮಳೆಗಾಲದಲ್ಲಿ ಸ್ಟಾರ್ಟಿಂಗ್ ಟ್ರಬಲ್ ಎಲ್ಲ ಅದರಲ್ಲಿದೆ.

ಮಾರನೆಯ ದಿನ ಒಂದು ಗ್ಯಾರೇಜಿಗೆ ಒಯ್ದೆ. ಒಂದು ರೌಂಡು ಓಡಿಸಿ ಬಂದವರು, "ಕ್ಲಚ್ ಸೆಟ್ ಪೂರ್ತಿ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು" ಅಂದರು. ಮನಸ್ಸು ಒಪ್ಪದೆ ಇನ್ನೊಂದು ಕಡೆ ತೋರಿಸಿದೆ. ಅವರು ಐಡ್ಲಿಂಗ್‌ನಲ್ಲಿ ನಿಲ್ಲಿಸಿ, ಸೈಲೆನ್ಸರಿಗೆ ಕೈ ಅಡ್ಡ ಹಿಡಿದು, "ಬೋರ್ ಬಂದಿದೆ, ಇಂಜಿನ್ ಇಳಿಸಬೇಕು" ಅಂದರು. ಒಂದೇ ಗಾಡಿ, ಒಂದೇ ದಿನ, ಎರಡು ತೀರ್ಪು. ಇಬ್ಬರೂ ಅನುಭವಸ್ಥರು, ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿತ್ತು ಎಂಬುದು ಆಮೇಲೆ ಗೊತ್ತಾಯಿತು. ಇಳಿಸುವ ಮುಂಚೆ ಹತ್ತು ದಿನ ಮನೆಯಲ್ಲೇ ಇಟ್ಟುಕೊಂಡು ನೋಡುತ್ತೇನೆ ಎಂದು ವಾಪಸು ತಂದೆ.

ಹಾಗೆ ತರುವ ಧೈರ್ಯ ಬಂದದ್ದು ಒಬ್ಬ ಉಸ್ತಾದರಿಂದ. ಈಗ ಇಲ್ಲದ ಆ ಹಿರಿಯರ ಶೆಡ್ಡಿನಲ್ಲಿ ರಜಾದಿನಗಳನ್ನು ಕಳೆಯುತ್ತ ನಾನು ಕಲಿತದ್ದೇ ನನ್ನ ಗಾಡಿವಿದ್ಯೆ. ಹೈಸ್ಕೂಲಿನಲ್ಲಿ ಪಾಠ ಹೇಳುವ ನನ್ನನ್ನು ಅವರು ಎಂದೂ ಹೆಸರು ಹಿಡಿದು ಕರೆದವರಲ್ಲ. "ಮೇಷ್ಟ್ರೆ, ಸ್ಪ್ಯಾನರ್ ಆಮೇಲೆ ತಗೊಳ್ಳಿ. ಮೊದಲು ಅದು ಏನು ಹೇಳ್ತದೆ ಕೇಳಿ" ಅನ್ನುತ್ತಿದ್ದರು. ಬಿಚ್ಚಿದ ಮೇಲೆ ಎಲ್ಲವೂ ಹಳೆಯದಾಗಿಯೇ ಕಾಣುತ್ತದೆ. ಹಳೆಯದೆಲ್ಲ ಕೆಟ್ಟದ್ದಲ್ಲ, ಕೆಟ್ಟದ್ದು ಯಾವುದೋ ಒಂದು ಮಾತ್ರ. ಅದು ಯಾವುದೆಂದು ಗಾಡಿ ಓಡುತ್ತಿರುವಾಗ ಹೇಳುತ್ತದೆಯೇ ಹೊರತು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದಾಗ ಅಲ್ಲ.

'ಎಳೆಯೋದಿಲ್ಲ', 'ಪಿಕಪ್ ಇಲ್ಲ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ದೂರಿನ ಹಿಂದೆ ಎರಡು ಬೇರೆ ಬೇರೆ ಕತೆಗಳಿರುತ್ತವೆ. ಇಂಜಿನ್ನಿಗೇ ಬಲ ಬರುತ್ತಿಲ್ಲ ಎಂಬುದು ಒಂದು. ಇಂಜಿನ್ನಿಗೆ ಬಲವಿದೆ, ಅದು ಚಕ್ರಕ್ಕೆ ಮುಟ್ಟುತ್ತಿಲ್ಲ ಎಂಬುದು ಇನ್ನೊಂದು. ಇವನ್ನು ಬೇರ್ಪಡಿಸಲು ಒಂದು ಏರು ಸಾಕು. ಮೂರನೇ ಗೇರಿನಲ್ಲಿ ಏರು ಹತ್ತುತ್ತ ಆಕ್ಸಿಲರೇಟರ್ ಒತ್ತಬೇಕು. ಇಂಜಿನ್ನಿನ ಕೂಗು ಮೇಲೇರಿ ವೇಗ ಇದ್ದಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಕೂಗೇ ಏರದೆ, ಒತ್ತಿದಷ್ಟೂ ಮಂಕಾಗುತ್ತ ಹೋದರೆ ತೊಂದರೆ ಇಂಜಿನ್ನಿನಲ್ಲಿ. ಕೂಗಿಗೂ ಎಳೆತಕ್ಕೂ ಇರುವ ಈ ಸಂಬಂಧ ಕಿವಿಗೆ ಹಿಡಿದ ದಿನದಿಂದ ನನಗೆ ಗಾಡಿಯೆಂದರೆ ಒಂದೇ ಮುದ್ದೆಯಲ್ಲ; ಒಂದರ ಕೈ ಇನ್ನೊಂದು ಹಿಡಿದುಕೊಂಡು ನಿಂತ ಸಾಲು.

ನಮ್ಮ ಮನೆಯಿಂದ ಮುಖ್ಯರಸ್ತೆಗೆ ಸೇರುವಲ್ಲಿ ಒಂದು ಏರಿದೆ. ಬೆಳಗ್ಗೆ ರಸ್ತೆ ಖಾಲಿ ಇರುವಾಗ ಐದು ಸಲ ಹತ್ತಿಸಿದೆ. ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತ ಮಗಳು ಬರೆದುಕೊಂಡದ್ದು ಇಷ್ಟು: ಎರಡು ಸಲ ಕೂಗು ಏರಿತು, ವೇಗ ಏರಲಿಲ್ಲ. ಐದೂ ಸಲ ನಡುಕ ಇತ್ತು. ಅಂದರೆ ಎರಡು ಕತೆಗಳೂ ಒಟ್ಟಿಗೇ ನಡೆಯುತ್ತಿದ್ದವು! ಮೊದಲ ಗ್ಯಾರೇಜಿನವರು ಒಂದನ್ನು ಕೇಳಿಸಿಕೊಂಡಿದ್ದರು, ಎರಡನೆಯವರು ಇನ್ನೊಂದನ್ನು.

ಕ್ಲಚ್ಚಿನದ್ದು ಬೇಗ ಮುಗಿಯಿತು. ಅಂಗಳದಲ್ಲಿ ಚಕ್ರಗಳ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ತುಸು ರೇಸ್ ಕೊಟ್ಟು ಕ್ಲಚ್ ಬಿಟ್ಟೆ. ಸರಿ ಇರುವ ಕ್ಲಚ್ಚಾದರೆ ಇಂಜಿನ್ ಒಮ್ಮೆ ಒದರಿ ತಟ್ಟನೆ ಆಫ್ ಆಗಬೇಕು. ನಮ್ಮದು ಎರಡು ಕ್ಷಣ ಗುಂಯ್‌ಗುಟ್ಟಿ ಆಮೇಲೆ ನಿಂತಿತು. ಈ ಪರೀಕ್ಷೆಯನ್ನು ಒಂದೇ ಸಲ ಮಾಡಬೇಕು. ಪದೇ ಪದೇ ಮಾಡಿದರೆ ಉಳಿದಿರುವ ಪ್ಲೇಟೂ ಸುಡುತ್ತದೆ. ಆಮೇಲೆ ಇಂಜಿನ್ ಆಫ್ ಮಾಡಿ ಪೆಡಲನ್ನು ಕೈಯಿಂದ ಒತ್ತಿ ನೋಡಿದೆ. ಕೇಬಲ್ಲಿನ ಕ್ಲಚ್ಚಿನಲ್ಲಿ ಪೆಡಲು ಭಾರ ಕೊಡುವ ಮುಂಚೆ ಒಂದು ಬೆರಳಿನಷ್ಟು ಸುಮ್ಮನೆ ಇಳಿಯಬೇಕು. ಅದನ್ನೇ ಫ್ರೀ ಪ್ಲೇ ಅನ್ನುವುದು. ನಮ್ಮದರಲ್ಲಿ ಅದು ಒಂದು ಕೂದಲಿನಷ್ಟೂ ಇರಲಿಲ್ಲ. ಎರಡು ತಿಂಗಳ ಹಿಂದೆ ದಾರಿಯಲ್ಲಿ ಕೇಬಲ್ ಕಡಿದು, ಸಿಕ್ಕಿದವರ ಕೈಲಿ ಹಾಕಿಸಿಕೊಂಡಿದ್ದೆ. ಅದನ್ನು ಎಳೆದು ಬಿಗಿ ಮಾಡಿಬಿಟ್ಟಿದ್ದರು. ನಾನು ಕಾಲೇ ಇಡದಿದ್ದರೂ ಯಾರೋ ಸದಾ ಪೆಡಲಿನ ಮೇಲೆ ಅರ್ಧ ಕಾಲಿಟ್ಟು ಕೂತ ಹಾಗೆ ಆಗಿತ್ತು. ಗೇರ್ ಬಾಕ್ಸಿನ ಹತ್ತಿರ ಕೇಬಲ್ಲಿನ ತುದಿಯ ನಟ್ಟು ಸಡಿಲಿಸಿದೆ. ಪೆಡಲಿಗೆ ಉಸಿರು ಬಂತು. ಏರು ಹತ್ತಿಸಿದರೆ ಕೂಗೂ ವೇಗವೂ ಜೊತೆಗೂಡಿ ಏರಿದವು. ಗೇರ್ ಬಾಕ್ಸ್ ಇಳಿಸುವುದು ತಪ್ಪಿತು.

ಉಳಿದದ್ದು ನಡುಕ. ಈ ಗಾಡಿಗೆ ಮೂರೇ ಸಿಲಿಂಡರು, 796 ಸಿ.ಸಿ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಒಂದು ಸತ್ತರೆ ಕಾಲುಭಾಗ ಬಲ ಹೋಗುತ್ತದೆ. ಇದರಲ್ಲಿ ಮೂರರಲ್ಲೊಂದು ಪಾಲು. ಘಾಟಿಯಲ್ಲಿ ತೆವಳಿದ್ದು ಸಹಜವೇ. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 900 ಸುತ್ತು ಅಂದುಕೊಂಡರೆ, ಎರಡು ಸುತ್ತಿಗೊಮ್ಮೆ ಒಂದು ಸಿಲಿಂಡರು ಹೊತ್ತುವುದರಿಂದ ಪ್ರತಿಯೊಂದೂ ನಿಮಿಷಕ್ಕೆ 450 ಸಲ, ಮೂರೂ ಸೇರಿ 1,350 ಸಲ ಹೊತ್ತುತ್ತವೆ. ಎಣಿಸಲು ಆಗದ ವೇಗ. ಆದರೆ ಕಿವಿ ಎಣಿಸುವುದಿಲ್ಲ, ನಡೆ ಹಿಡಿಯುತ್ತದೆ. ಮದ್ದಲೆ ಕೇಳಿ ಬೆಳೆದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಸಿಲಿಂಡರಿನ ಇಂಜಿನ್ ಸರಿ ಇದ್ದಾಗ ತಕಿಟ ತಕಿಟ ತಕಿಟ ಎಂದು ತಿಶ್ರದಲ್ಲೇ ಓಡುತ್ತಿರುತ್ತದೆ. ನಮ್ಮದು ಆಗ ಹೇಳುತ್ತಿದ್ದದ್ದು ತಕಿ, ತಕಿ, ತಕಿ. ಮೂರನೇ ಅಕ್ಷರದ ಜಾಗದಲ್ಲಿ ಒಂದು ಗುಂಡಿ. ಆ ಗುಂಡಿಗೆ ಗಾಡಿ ಪ್ರತಿ ಸಲವೂ ಕಾಲಿಟ್ಟು ಮುಗ್ಗರಿಸುತ್ತಿತ್ತು. ಸ್ಟೇರಿಂಗು, ಕನ್ನಡಿ, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿ ಎಲ್ಲವೂ ಆ ಮುಗ್ಗರಿಕೆಗೆ ತಲೆಯಾಡಿಸುತ್ತಿದ್ದವು.

ಯಾವ ಸಿಲಿಂಡರು? ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ಕ್ರಮ. ರಬ್ಬರ್ ಹಿಡಿಯ ಇಕ್ಕಳ, ಒಣ ಬಟ್ಟೆ, ಒಣ ಕಾಲು ಬೇಕು. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಕಿತ್ತ ವೈರನ್ನು ಗಾಳಿಯಲ್ಲಿ ಬಿಡಬಾರದು, ಇಂಜಿನ್ನಿನ ಲೋಹಕ್ಕೆ ತಾಗಿಸಿಟ್ಟುಕೊಳ್ಳಬೇಕು. ಪಾಯಿಂಟ್ ಸೆಟ್ ಇರುವ ಇಂಥ ಹಳೆಯ ಗಾಡಿಗೆ ಮಾತ್ರ ಇದು ಒಪ್ಪುತ್ತದೆ. ಹೊಸ ಗಾಡಿಗಳಲ್ಲಿ ಹೀಗೆ ಮಾಡಿದರೆ ಎಲೆಕ್ಟ್ರಾನಿಕ್ಸ್ ಸುಡಬಹುದು, ಹೊತ್ತದ ಪೆಟ್ರೋಲು ಹೋಗಿ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಮೊದಲನೆಯದನ್ನು ಕಿತ್ತೆ, ಇಂಜಿನ್ ಇನ್ನೇನು ಬಿದ್ದೇಹೋಗುವ ಹಾಗೆ ತತ್ತರಿಸಿತು. ಮೂರನೆಯದನ್ನು ಕಿತ್ತೆ; ಹಾಗೇ ಆಯಿತು. ಎರಡನೆಯದನ್ನು ಕಿತ್ತಾಗ ಏನೂ ಆಗಲಿಲ್ಲ. ಇದ್ದರೂ ಇಲ್ಲದಿದ್ದರೂ ಒಂದೇ ಎಂಬಂತೆ ಅದೇ ಕುಂಟು ನಡೆ. ಈ ಇಂಜಿನ್ನಿನಲ್ಲಿ ಹೊತ್ತುವ ಕ್ರಮ 1-3-2. ಒಂದರಿಂದ ಎಣಿಸಿದರೆ ತಕಿಟದ ಮೂರನೇ ಅಕ್ಷರ ಎರಡನೇ ಸಿಲಿಂಡರಿನದೇ.

ಮಲೆನಾಡಿನ ಮಳೆಗಾಲದಲ್ಲಿ ಮಿಸ್ಸಿಂಗ್ ಅಂದರೆ ಮೊದಲ ಗುಮಾನಿ ಕರೆಂಟಿನ ಮೇಲೆ. ಉಸ್ತಾದರು ತೋರಿಸಿಕೊಟ್ಟ ಒಂದು ಪರೀಕ್ಷೆಯನ್ನು ಆ ರಾತ್ರಿಯೇ ಮಾಡಿದೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನ ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಇದನ್ನು ಮರೆಯಬಾರದು, ಸೈಲೆನ್ಸರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಸುಳಿವು ಕೊಡದೆ ಜೀವ ತೆಗೆಯುತ್ತದೆ. ದೀಪ ಆರಿಸಿ, ಇಂಜಿನ್ ಚಾಲೂ ಇಟ್ಟು, ಬಾನೆಟ್ಟಿನ ಕೆಳಗೆ ಬಗ್ಗಿದೆ. ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸುತ್ತ, ವೈರುಗಳ ಮೇಲೆ ಮಂಜಿನಷ್ಟು ತೆಳುವಾಗಿ ನೀರು ಬಿಟ್ಟೆ. ಕರೆಂಟು ಸೋರುತ್ತಿದ್ದರೆ ಕತ್ತಲಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಎರಡು ವರ್ಷದ ಹಿಂದೆ ಹೀಗೇ ನೋಡುತ್ತಿದ್ದಾಗ ಕ್ಯಾಪಿನ ಬಿರುಕಿನ ಗುಂಟ ನೀಲಿ ಎಳೆಯೊಂದು ಇರುವೆ ಸಾಲಿನ ಹಾಗೆ ಹರಿದಾಡಿದ್ದನ್ನು ಮನೆಮಂದಿಯೆಲ್ಲ ಉಸಿರು ಹಿಡಿದು ನೋಡಿದ್ದೆವು. ಈ ಸಲ ಕತ್ತಲು ಕತ್ತಲಾಗಿಯೇ ಉಳಿಯಿತು. ಪ್ಲಗ್ಗು ಬಿಚ್ಚಿದರೆ ಒದ್ದೆ, ಪೆಟ್ರೋಲ್ ವಾಸನೆ. ಆದರೆ ಲೋಹಕ್ಕೆ ತಾಗಿಸಿ ತಿರುಗಿಸಿದಾಗ ಕಿಡಿ ಚೆನ್ನಾಗಿ ಹಾರಿತು. ಒಂದನೇ ಸಿಲಿಂಡರಿನ ಪ್ಲಗ್ಗನ್ನು ಎರಡನೆಯದಕ್ಕೆ ಹಾಕಿದೆ. ತೊಂದರೆ ಪ್ಲಗ್ಗಿನ ಜೊತೆ ಹೋಗಲಿಲ್ಲ, ಎರಡನೆಯದರಲ್ಲೇ ಉಳಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸಿದ್ದನ್ನು ಬರೆದಿಡುವುದು ಎಂಬ ಈ ಕಟ್ಟುನಿಟ್ಟು ನನಗೆ ಬಂದದ್ದು ಅಪ್ಪಯ್ಯನ ಲೆಕ್ಕದ ಪುಸ್ತಕದಿಂದ. ಎರಡನ್ನು ಒಟ್ಟಿಗೆ ಬದಲಿಸಿ ಗಾಡಿ ಸರಿಯಾದರೆ, ಅದು ಯಾಕೆ ಸರಿಯಾಯಿತೆಂದು ಯಾವ ಕಾಲಕ್ಕೂ ತಿಳಿಯುವುದಿಲ್ಲ.

ಕಿಡಿ ಇದೆ, ಪೆಟ್ರೋಲ್ ಇದೆ. ಉಳಿದದ್ದು ಒತ್ತಡ. ಅದರ ಸುಳಿವು ಕೊಟ್ಟದ್ದು ಒಂದು ಹಾಳೆ. ಮಗಳ ನೋಟ್‌ಬುಕ್ಕಿನಿಂದ ಒಂದು ಪುಟ ಹರಿದು, ಉದ್ದಕ್ಕೆ ಮಡಿಸಿ, ಸೈಲೆನ್ಸರಿನ ಬಾಯಿಗೆ ಅರ್ಧ ಇಂಚು ದೂರದಲ್ಲಿ ಹಿಡಿದೆ. ಆರೋಗ್ಯದ ಇಂಜಿನ್ನಾದರೆ ಹೊಗೆ ಸಮನಾಗಿ ಹೊರಗೆ ದಬ್ಬುತ್ತದೆ. ಹಾಳೆ ಒಂದೇ ಸಮನೆ ಹೊರಕ್ಕೆ ಬಾಗಿ ಪಟಪಟ ಅನ್ನುತ್ತದೆ. ನನ್ನ ಕೈಯ ಹಾಳೆ ಹೊರಗೆ ಬಾಗುತ್ತ ಬಾಗುತ್ತ, ನಡುನಡುವೆ ಒಮ್ಮೆ ಟಪ್ ಎಂದು ಒಳಕ್ಕೆ ಎಳೆದುಕೊಂಡು ಕೊಳವೆಯ ಬಾಯಿಗೆ ಅಂಟಿತು. ಹೊರಗೆ ಬಿಡಬೇಕಾದ ಬಾಯಿ ಒಳಗೆ ಸೇದುತ್ತಿದೆ. ಅಂದರೆ ಹೊಗೆ ಹೋಗುವ ಬಾಗಿಲು, ಎಕ್ಸಾಸ್ಟ್ ವಾಲ್ವು, ಮುಚ್ಚಬೇಕಾದಾಗ ಪೂರ್ತಿ ಮುಚ್ಚುತ್ತಿಲ್ಲ. ಮಗಳು ಆ ಹಾಳೆಯನ್ನು ಮತ್ತೆ ಮತ್ತೆ ಹಿಡಿದು ನೋಡಿದಳು. ಮಸಿ ಮೆತ್ತಿದ ಆ ಪುಟ ಈಗಲೂ ಅದೇ ನೋಟ್‌ಬುಕ್ಕಿನಲ್ಲಿದೆ.

ಕಂಪ್ರೆಷನ್ ಗೇಜನ್ನು ಪರಿಚಯದವರಿಂದ ಕೇಳಿ ತಂದೆ. ಇಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ಗು ತೆಗೆದು, ಕಾಯಿಲಿನ ನಡುವಿನ ವೈರನ್ನು ಬಿಡಿಸಿ ಲೋಹಕ್ಕೆ ತಾಗಿಸಿಟ್ಟು, ಹೆಂಡತಿಯನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲು ಹೇಳಿದೆ. ಮೊದಲನೆಯದು 160 ಪೌಂಡು. ಮೂರನೆಯದು 155. ಎರಡನೆಯದರಲ್ಲಿ ಮುಳ್ಳು ಏದುಸಿರು ಬಿಡುತ್ತ 95ಕ್ಕೆ ನಿಂತಿತು. "ರೀ, ಇನ್ನೊಂದು ಸಲ ನೋಡಿ" ಅಂದಳು ಅವಳು. ಮತ್ತೆ 95. ಈಗ ಒಂದು ಚಮಚ ಇಂಜಿನ್ ಆಯಿಲನ್ನು ಆ ಪ್ಲಗ್ಗಿನ ತೂತಿನಲ್ಲಿ ಬಿಟ್ಟು ಪುನಃ ಅಳೆದೆ. ಪಿಸ್ಟನ್ ರಿಂಗು, ಬೋರು ಸವೆದಿದ್ದರೆ ಆ ಎಣ್ಣೆ ಸುತ್ತಲಿನ ಸಂದಿಯನ್ನು ತುಂಬಿ ಒತ್ತಡ ಏರುತ್ತದೆ. ಸೋರಿಕೆ ಮೇಲಿನ ವಾಲ್ವಿನಲ್ಲಿದ್ದರೆ ಎಣ್ಣೆ ಏನೂ ಮಾಡಲಾರದು. ಮುಳ್ಳು 100ರ ಹತ್ತಿರ ಬಂದು ನಿಂತಿತು. ಬೋರ್ ಬಂದಿಲ್ಲ! ಇಂಜಿನ್ ಇಳಿಸಬೇಕಿಲ್ಲ! ಒಂದು ಚಮಚ ಎಣ್ಣೆ ಅಷ್ಟನ್ನು ಹೇಳಿತು.

ಇನ್ನು ಈ ಬರಹ ಬರೆಯಲು ನಿಜವಾಗಿ ಕಾರಣವಾದ ವಿಷಯಕ್ಕೆ ಬರುತ್ತೇನೆ. ಹಳೆಯ ಕಾರಿನ ತಲೆಯಿಂದ ಬರುವ ಟಿಕ್ ಟಿಕ್ ಸದ್ದು ಎಲ್ಲರಿಗೂ ಗೊತ್ತು. ಟ್ಯಾಪೆಟ್ ಸದ್ದು. ಅದು ಕೇಳಿದರೆ ಜನ ಗಾಬರಿಯಾಗುತ್ತಾರೆ, ಮುದಿ ಗಾಡಿ ಅನ್ನುತ್ತಾರೆ. ನಮ್ಮ ಕಾರಿನ ಟ್ಯಾಪೆಟ್ ಕೆಲವು ತಿಂಗಳಿಂದ ಮೆತ್ತಗಾಗಿತ್ತು, ನಾನು ಅದರಿಂದ ಸಂತೋಷಪಟ್ಟಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ ಕವರಿನ ಮೇಲೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡು ಆ ದಿನ ಕೇಳಿದೆ. ಮೊದಲನೆಯದರ ಮೇಲೆ ಸಣ್ಣ ಟಿಕ್ ಟಿಕ್. ಮೂರನೆಯದರ ಮೇಲೂ ಹಾಗೇ. ಎರಡನೆಯದರ ಮೇಲೆ ಒಂದೇ ಟಿಕ್, ಅದೂ ಮಂದ. ಇರಬೇಕಾದ ಇನ್ನೊಂದು ಇಲ್ಲವೇ ಇಲ್ಲ.

ವಾಲ್ವನ್ನು ಒತ್ತಿ ತೆರೆಯುವ ರಾಕರಿನ ತುದಿಗೂ ವಾಲ್ವಿಗೂ ನಡುವೆ ತಣ್ಣಗಿದ್ದಾಗ ಮಿಲಿಮೀಟರಿನ ಹತ್ತರಲ್ಲೊಂದು ಎರಡು ಪಾಲಿನ ಸಂದಿ ಇರಲೇಬೇಕು. ಬಿಸಿಯಾದ ಲೋಹ ಹಿಗ್ಗಲು ಅದು ಬೇಕು. ಆ ಸಂದಿಯನ್ನು ದಾಟಿ ಬಡಿಯುವ ಸದ್ದೇ ಟಿಕ್ ಟಿಕ್. ಸಂದಿ ಹೆಚ್ಚಾದರೆ ಸದ್ದು ಜೋರಾಗುತ್ತದೆ, ತಕ್ಷಣಕ್ಕೆ ಪ್ರಾಣಾಪಾಯವಿಲ್ಲ. ಆದರೆ ವರ್ಷಗಳು ಕಳೆದಂತೆ ಎಕ್ಸಾಸ್ಟ್ ವಾಲ್ವು ತನ್ನ ಸೀಟಿನೊಳಗೆ ತುಸುತುಸುವೇ ಇಳಿಯುತ್ತದೆ, ಅದರ ಬಾಲ ಮೇಲಕ್ಕೆ ಬರುತ್ತದೆ, ಸಂದಿ ಕಿರಿದಾಗುತ್ತ ಒಂದು ದಿನ ಇಲ್ಲವಾಗುತ್ತದೆ. ಆಗ ಸದ್ದೂ ನಿಲ್ಲುತ್ತದೆ. ವಾಲ್ವು ಕೂರಬೇಕಾದಲ್ಲಿ ಕೂರಲಾಗದೆ ಸದಾ ಕೂದಲೆಳೆಯಷ್ಟು ತೆರೆದೇ ಇರುತ್ತದೆ. ವಾಲ್ವಿನ ಬಿಸಿ ಸೀಟಿಗೆ ಹರಿದು ಹೋಗಬೇಕಾದ್ದು ತಾಗಿ ಕೂತಾಗ ಮಾತ್ರ. ಕೂರದ ವಾಲ್ವು ತನ್ನ ಬಿಸಿಯಲ್ಲಿ ತಾನೇ ಬೇಯುತ್ತ, ಅಂಚು ಸುಟ್ಟು ಹರಿಯುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಲ್ಲ, ಸುಮ್ಮನಾದ ಟ್ಯಾಪೆಟ್ಟು ಇಂಜಿನ್ನನ್ನು ಕೊಲ್ಲುತ್ತದೆ ಎಂದು ಉಸ್ತಾದರು ಹೇಳಿದ್ದು ಎಷ್ಟೋ ವರ್ಷಗಳ ಹಿಂದೆ. ಮಾತು ನೆನಪಿತ್ತು. ಅದರ ಅರ್ಥ ಎಲುಬಿಗೆ ತಾಗಿದ್ದು ಆ ದಿನ. ನಮ್ಮ ಅಜ್ಜಿ ಹಲಸಿನಕಾಯಿಯನ್ನು ಬೆರಳಲ್ಲಿ ಬಡಿದು, ಸದ್ದು ಬರುವುದನ್ನು ಬಿಟ್ಟು, ಮಂಕಾದದ್ದನ್ನು ಆರಿಸಿ ಹಣ್ಣಾಗಿದೆ ಅನ್ನುತ್ತಿದ್ದಳು. ಸದ್ದು ಕುಂದಿದಾಗ ಒಳಗೆ ಏನೋ ಬದಲಾಗಿರುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು.

ಇಡೀ ರಾತ್ರಿ ಇಂಜಿನ್ ತಣ್ಣಗಾಗಲು ಬಿಟ್ಟು ಬೆಳಗ್ಗೆ ಹೆಡ್ ಕವರ್ ತೆಗೆದೆ. ಆರು ವಾಲ್ವು, ಆರು ರಾಕರು. ಎಣ್ಣೆಯಲ್ಲಿ ಮಿಂದು ಜೇನುಬಣ್ಣದಲ್ಲಿ ಹೊಳೆಯುತ್ತಿದ್ದವು. ಎರಡನೆಯದರ ಎಕ್ಸಾಸ್ಟ್ ರಾಕರಿನ ಕೆಳಗೆ ಫೀಲರ್ ಗೇಜಿನ ಅತಿ ತೆಳು ಎಲೆಯೂ ಹೋಗಲಿಲ್ಲ. ಲಾಕ್ ನಟ್ಟು ಸಡಿಲಿಸಿ, ಸ್ಕ್ರೂ ಕಾಲುಸುತ್ತಿಗಿಂತ ಕಡಿಮೆ ತಿರುಗಿಸಿ, 0.15 ಮಿಲಿಮೀಟರಿನ ಎಲೆ ಸಣ್ಣ ಹಿಡಿತದೊಂದಿಗೆ ಜಾರುವ ಹಾಗೆ ಕೂರಿಸಿ ಬಿಗಿದೆ. ಉಳಿದ ಐದನ್ನೂ ನೋಡಿದೆ, ಅವು ಸರಿ ಇದ್ದವು. ಕವರ್ ಮುಚ್ಚಿ ಮತ್ತೆ ಅಳೆದಾಗ ಎರಡನೆಯದರಲ್ಲಿ 140. ವಾಲ್ವಿನ ಅಂಚು ತುಸು ಸುಟ್ಟಿರಲೇಬೇಕು, ಪೂರ್ತಿ 160ಕ್ಕೆ ಮರಳಲಿಲ್ಲ. ಆದರೆ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನ ಗಣಪತಿ ತಲೆಯಾಡಿಸುವುದನ್ನು ನಿಲ್ಲಿಸಿದ್ದ. ತಕಿಟ, ತಕಿಟ. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮ್ಮ ಅಲ್ಲಿಂದಲೇ, "ಈಗ ಸರಿಯಾಯ್ತು ನೋಡು" ಅಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಹೀಗೆ ಕೇಳುವ ಅಭ್ಯಾಸ ಬಂದ ಮೇಲೆ ಕಣ್ಣು, ಮೂಗು, ಬೆರಳುಗಳೂ ಚುರುಕಾಗುತ್ತವೆ. ಘಾಟಿ ಇಳಿಯುವಾಗ ಗೇರಿನಲ್ಲೇ ಹಿಡಿದುಕೊಂಡು ಬಂದು, ಕೆಳಗೆ ಸಮತಟ್ಟಿಗೆ ಸೇರಿ ಆಕ್ಸಿಲರೇಟರ್ ಒತ್ತಿದ ಕ್ಷಣ ಮಾತ್ರ ಒಂದು ನೀಲಿ ಹೊಗೆಯ ಉಂಡೆ ಹಾರಿದರೆ ವಾಲ್ವಿನ ಸೀಲು ಸವೆದಿದೆ. ಏರಿನುದ್ದಕ್ಕೂ ನೀಲಿ ಹೊಗೆ ಬಿಡದೆ ಬಂದರೆ ರಿಂಗು. ಕಪ್ಪು ಹೊಗೆ ಪೆಟ್ರೋಲು ಜಾಸ್ತಿಯಾದದ್ದು, ಚೋಕ್ ಒಳಗೆ ತಳ್ಳಿದ್ದೇವೆಯೇ ಎಂದು ಮೊದಲು ನೋಡಬೇಕು. ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಘಟ್ಟದ ಕೆಳಗೂ ಮೇಲೂ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯ ಮಳೆಗಾಲಕ್ಕೆ ಆ ಮಾತನ್ನು ತುಸು ತಿದ್ದಬೇಕು. ಬರೀ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಗಾಳಿಯ ತೇವವೇ ಅಲ್ಲಿ ಕೆನೆಗಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆ ಶುದ್ಧವಿದ್ದು, ರೇಡಿಯೇಟರಿನ ನೀರು ಕಡಿಮೆಯಾಗದೆ, ತಣ್ಣಗಿರುವಾಗ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ಏಳದಿದ್ದರೆ ಗ್ಯಾಸ್ಕೆಟ್ಟನ್ನು ದೂರಬೇಕಿಲ್ಲ. ಬಿಸಿ ಇರುವಾಗ ಆ ಮುಚ್ಚಳಕ್ಕೆ ಕೈ ಹಾಕಲೇಬಾರದು. ಇನ್ನೊಂದು ಹೊಸ ವಿಷಯ. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಹಳೆಯ ಗಾಡಿಗಳ ರಬ್ಬರು ಅದಕ್ಕೆಂದು ಮಾಡಿದ್ದಲ್ಲ. ಪೆಟ್ರೋಲ್ ಪೈಪುಗಳನ್ನು ಈಗ ನಾನು ವರ್ಷಕ್ಕೊಮ್ಮೆ ಬೆರಳಲ್ಲಿ ಹಿಸುಕಿ ನೋಡುತ್ತೇನೆ. ಮೆದುವಾಗಿ ಅಂಟಿದರೆ ಬದಲಿಸುತ್ತೇನೆ.

ಗೇರ್ ಬಾಕ್ಸ್ ಸುಖವಾಗಿದೆ ಎಂದು ಹೇಳಲಾರೆ. ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟಾಗ ಒಂದು ಸಣ್ಣ ಗುಂಯ್ ಇದೆ, ಪೆಡಲು ಒತ್ತಿದರೆ ನಿಲ್ಲುತ್ತದೆ. ಒತ್ತಿದಾಗ ಹುಟ್ಟುವ ಸದ್ದಾದರೆ ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಲ್ಲುವ ಸದ್ದು ಒಳಗೆ ಹೋಗುವ ಶಾಫ್ಟಿನ ಬೇರಿಂಗಿನದು, ಕ್ಲಚ್ ಒತ್ತಿದಾಗ ಆ ಶಾಫ್ಟು ತಿರುಗುವುದು ನಿಲ್ಲುತ್ತದಲ್ಲ. ಕೆಳಗಿನ ಪ್ಲಗ್ಗು ಬಿಚ್ಚಿ ಗೇರ್ ಆಯಿಲ್ ಇಳಿಸಿದೆ. ಗಂಧಕದ ಆ ಘಾಟು ವಾಸನೆ ಎರಡು ದಿನ ಕೈಬಿಡಲಿಲ್ಲ. ಬಿಳಿ ತಟ್ಟೆಯಲ್ಲಿ ಸುರಿದು, ಬಿಸಿಲಿಗೆ ಓರೆ ಹಿಡಿದು, ಆಯಸ್ಕಾಂತದ ತುಂಡನ್ನು ಅದರಲ್ಲಿ ಆಡಿಸಿದೆ. ಬೂದಿಯಂಥ ನುಣ್ಣನೆ ಮೆತ್ತಿಗೆ ಸಿಕ್ಕಿತು. ಅದು ಇಷ್ಟು ವರ್ಷದ ಸವೆತ, ಭಯವಿಲ್ಲ. ಮೀನಿನ ಹುರುಪೆಯಂಥ ಚೂರು ಸಿಕ್ಕಿದ್ದರೆ ಅದು ಹಲ್ಲಿನದೋ ಬೇರಿಂಗಿನದೋ ಎಂದು ಯೋಚಿಸಬೇಕಿತ್ತು. ಹೊಸ ಎಣ್ಣೆ ತುಂಬಿ, ಆ ಗುಂಯ್ ಇರಲಿ ಎಂದು ಬಿಟ್ಟಿದ್ದೇನೆ. ತಿಂಗಳಿಗೊಮ್ಮೆ ಕೇಳುತ್ತೇನೆ, ಏರಿದೆಯೇ ಇಲ್ಲವೇ ಎಂದು ಬರೆದಿಡುತ್ತೇನೆ. ಇರುವ ಕಾಯಿಲೆಯನ್ನು ಬಿಚ್ಚದೆ ಕಾಯುವುದೂ ರೋಗ ಹಿಡಿಯುವ ಕೆಲಸದಲ್ಲಿ ಸೇರಿದೆ ಎಂದೇ ನನ್ನ ನಂಬಿಕೆ.

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಅಣ್ಣನ ಮಗ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ತಂದಿದ್ದ. "ಇದನ್ನ ಎಲ್ಲಿ ಸಿಕ್ಕಿಸೋದು ಚಿಕ್ಕಪ್ಪ?" ಅಂದ. ನಮ್ಮ ಗಾಡಿಯಲ್ಲಿ ಅದಕ್ಕೆ ಜಾಗವಿಲ್ಲ. ಅವನ ಕಾರಿನಲ್ಲಿ ಸಿಕ್ಕಿಸಿ ತೋರಿಸಿದ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲೂ ಕಡ್ಡಾಯವಾದ, ಗಾಡಿಯೇ ತನ್ನ ದೋಷವನ್ನು ಕೋಡಿನಲ್ಲಿ ಹೇಳುವ ಆ ಪದ್ಧತಿ ಈಗ ನಮ್ಮಲ್ಲೂ ಇದೆ. ಪಿ0302 ಎಂದು ಬಂದರೆ ಎರಡನೇ ಸಿಲಿಂಡರು ಹೊತ್ತುತ್ತಿಲ್ಲ ಎಂದರ್ಥ. ನಾನು ಇಕ್ಕಳ ಹಿಡಿದು, ಒದ್ದೆ ಕಾಲು ಒರೆಸಿಕೊಂಡು ತಿಳಿದದ್ದನ್ನು ಅದು ಕೂತಲ್ಲೇ ಹೇಳಿಬಿಡುತ್ತದೆ. ಒಳ್ಳೆಯ ಉಪಕರಣ, ನನಗೆ ಅದರ ಮೇಲೆ ಗೌರವವಿದೆ. ಆದರೆ ಯಾಕೆ ಹೊತ್ತುತ್ತಿಲ್ಲ? ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರೋ, ಬಾಯಿ ಮುಚ್ಚಿಕೊಂಡ ಟ್ಯಾಪೆಟ್ಟೋ? ಅಲ್ಲಿಂದ ಮುಂದಿನ ದಾರಿ ಅವನಿಗೂ ನನಗೂ ಒಂದೇ. ಅವನಿಗೆ ಆ ಮಸಿ ಮೆತ್ತಿದ ಹಾಳೆ ತೋರಿಸಿದೆ. ಅವನು ತನ್ನ ಕಾರು ಸ್ಟಾರ್ಟ್ ಮಾಡಿ ಸೈಲೆನ್ಸರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಹಾಳೆ ಹಿಡಿದ.

ಈಗ ದೀಪಾವಳಿ ಕಳೆದು ಚಳಿ ಬಿದ್ದಿದೆ. ಇವತ್ತು ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಬಿಸಿಯಾಗಲಿ ಎಂದು ಬಿಟ್ಟು ಹಲ್ಲುಜ್ಜಲು ಹೋಗಿದ್ದೆ. ವಾಪಸು ಬಂದಾಗ ಮಗಳು ಯೂನಿಫಾರಂನಲ್ಲೇ ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಜಡೆ ಬೆಲ್ಟಿಗೆ ಸಿಗದ ಹಾಗೆ ಕೋಟಿನೊಳಗೆ ಸೇರಿಸಿಕೊಂಡಿದ್ದಳು, ಹೇಳಿಕೊಟ್ಟದ್ದು ಮರೆತಿಲ್ಲ. ಮೊದಲನೆಯದರ ಮೇಲೆ ಇಟ್ಟಳು, ಎರಡನೆಯದರ ಮೇಲೆ ಇಟ್ಟಳು, ಮೂರನೆಯದರ ಮೇಲೆ ಇಟ್ಟು ಅಲ್ಲೇ ನಿಂತಳು. ಆಮೇಲೆ ಕಣ್ಣು ತೆರೆಯದೆಯೇ ಕೈಬೆರಳೆತ್ತಿ ನನಗೆ ಸುಮ್ಮನಿರಲು ಸನ್ನೆ ಮಾಡಿದಳು.